ಕೊಲ್ಕತ್ತದಿಂದ ಬಂದ ಬೀಗಿತ್ತಿ

೨೦೨೫ ಜನವರಿ ೧೪, ಮಂಗಳವಾರ. ಡೈರಿಯಲ್ಲಿ ನಾನೇ ಬರೆದಿದ್ದೇನೆ: "ದುದ್ದದ ಅತ್ತಿಗೆ ಬಂದಿದ್ದರು. ನೀರೂ ಮುಟ್ಟಲಿಲ್ಲ."

ಅತ್ತಿಗೆ ಎಂದರೆ ನಮ್ಮ ಯಜಮಾನರ ಅಕ್ಕ, ತಾಯಿಯಿಲ್ಲದ ಅವರನ್ನು ಎತ್ತಿ ಸಾಕಿದವರು. ನಮ್ಮ ಮಗ ಕೊಲ್ಕತ್ತದ ಹುಡುಗಿಯನ್ನು ಅಲ್ಲಿಯೇ ಮದುವೆಯಾದ. ಸೊಸೆಯ ತಾಯಿಗೆ ಕಾಯಿಲೆ, ಬೀಗರಿಗೆ ಮಂಡ್ಯಕ್ಕೆ ಬರಲಾಗಲಿಲ್ಲ. ಬೀಗರೂಟ ನಿಂತುಹೋಯಿತು. "ಬೀಗರ ಮೊಕ ನೋಡ್ದೆ, ಬೀಗರೂಟ ಉಣ್ದೆ, ಆ ಮನೇಲಿ ಎಲೆ ಮುಂದೆ ಕೂರಾಕಿಲ್ಲ" ಎಂದು ಅತ್ತಿಗೆ ಹಟ ಹಿಡಿದರು. ಅವರು ಉಣ್ಣದ ಹಬ್ಬದೂಟ ಯಜಮಾನರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಾನು ಬಿ.ಎ. ಓದಿದವಳು, ಹಬ್ಬದ ತಿಂಡಿ ಒಂದೊಂದರ ಅರ್ಥವೂ ಗೊತ್ತು. ಅರ್ಥ ಗೊತ್ತಿರುವ ಮನೆಯಲ್ಲಿ ಇಂಥ ಪ್ರಸಂಗಗಳಿಗೆ ಬರವಿಲ್ಲ.

ಎಳ್ಳು

ಸಂಕ್ರಾಂತಿಯ ಎಳ್ಳು ಕೈಗೆ ಬಂದ ಮೇಲೆ ಒಳ್ಳೆಯದನ್ನೇ ಆಡಬೇಕು. ಸೊಸೆ ತಟ್ಟೆ ಹಿಡಿದು ನಿಂತಳು. ಅತ್ತಿಗೆ ಕೈ ಅಡ್ಡ ಹಿಡಿದರು. "ಅಲ್ಲೇ ಇಟ್ಕೊಂಡಿರು ಮಗ, ಇನ್ನೂ ಬಯ್ಯೋದು ಐತೆ." ನನ್ನನ್ನೂ ಯಜಮಾನರನ್ನೂ ಸಾವಕಾಶವಾಗಿ ಬೈದು ಮುಗಿಸಿ, ಎಳ್ಳನ್ನು ಸೆರಗಿಗೆ ಕಟ್ಟಿಕೊಂಡರು.

"ತಿನ್ನಲ್ವಾ ದೊಡ್ಡತ್ತೆ?"

"ತಿಂದ್ರೆ ನಿಮ್ಮತ್ತೇನ ವರ್ಸವೆಲ್ಲ ಒಳ್ಳೇಳು ಅನ್ಬೇಕಾಯ್ತದೆ. ನೋಡಾನ ಇರು."

ಬೇವು

ಯುಗಾದಿಗೆ ಸೊಸೆಗೆ ಪಾಠ ಹೇಳಿದೆ: ಬೇವು ಕಷ್ಟ, ಬೆಲ್ಲ ಸುಖ, ಎರಡೂ ಸಮವಾಗಿ ತೆಗೆದುಕೊಳ್ಳಬೇಕು. ಅವಳು ವಿನಯದಿಂದ ಕೇಳಿ, ಬೆಲ್ಲ ಪಕ್ಕಕ್ಕಿಟ್ಟು, ಒಂದು ಹಿಡಿ ಬೇವಿನ ಚಿಗುರನ್ನು ಬದನೆಕಾಯಿ ಜೊತೆ ಹುರಿದು ಅನ್ನಕ್ಕೆ ಕಲಸಿಕೊಂಡು ತಿಂದಳು.

"ನಮ್ಮ ಕಡೆ ಊಟ ಶುರುವಾಗೋದೇ ಕಹಿಯಿಂದ ಅಮ್ಮ. ಸಿಹಿ ಕೊನೆಗೆ."

ಯಜಮಾನರು ಫೋನಿನಲ್ಲಿ ಇದನ್ನು ಅಕ್ಕನಿಗೆ ಹೇಳಿದರು.

"ಬೆಲ್ಲ ಇಲ್ದೆ ಬೇವು ತಿಂದ್ಳಾ? ಹಂಗಾದ್ರೆ ನಿನ್ನೆಂಡ್ತಿ ಜೊತೆ ಬಾಳಾಟ ಮಾಡ್ತಾಳೆ ಬುಡ್ಲಾ."

ಖರ್ಜೂರ

ಯುಗಾದಿಯ ಮಾರನೆಯ ದಿನ ಹೊಸತೊಡಕು. ಅಂದು ನಡೆದದ್ದೇ ವರ್ಷವಿಡೀ ನಡೆಯುತ್ತದೆ ಎಂದು ನಮ್ಮ ಕಡೆ ನಂಬಿಕೆ, ಅದಕ್ಕೇ ಮನೆಮನೆಯಲ್ಲೂ ಬಾಡು ಬೇಯುತ್ತದೆ. ಅಂದೂ ಅತ್ತಿಗೆ ಉಣ್ಣದೆ ಹೋದರೆ ವರ್ಷಪೂರ್ತಿ ಅದೇ ಗತಿ ಎಂದು ಯಜಮಾನರು ಒದ್ದಾಡುತ್ತಿದ್ದರು. ಅತ್ತಿಗೆ ಬಂದರು, ಜಗಲಿಯಲ್ಲೇ ಕೂತರು.

ಅದೇ ದಿನ ರಂಜಾನ್. ಪಕ್ಕದ ಮನೆಯ ಮೆಕ್ಯಾನಿಕ್ ಸಾಹೇಬರ ಹೆಂಡತಿ ಹಬ್ಬದ ಶ್ಯಾವಿಗೆ ಪಾಯಸ ಶೀರ್ ಕುರ್ಮಾ ತಂದರು. ಅತ್ತಿಗೆ ಬಟ್ಟಲು ಈಸಿಕೊಂಡು ಖರ್ಜೂರ ಸಮೇತ ಕುಡಿದರು. ನಾನು ನೋಡುತ್ತಲೇ ಇದ್ದೆ.

"ಏನ್ ನೋಡ್ತೀಯೆ? ಇದು ನಿಮ್ಮನೇದಲ್ವಲ್ಲ."

ಸಾಹೇಬರ ಹೆಂಡತಿ ನಗುತ್ತಾ, "ಈ ದಿನ ಮುನಿಸು ಇಟ್ಕೋಬಾರ್ದು ಅಂತ್ಲೇ ಇದನ್ನ ಹಂಚೋದು ಅಮ್ಮಾ" ಎಂದರು.

"ನಿಮ್ಮನೆ ಮ್ಯಾಲೆ ನಂಗೇನ್ ಮುನಿಸು ತಾಯಿ? ಇನ್ನೊಂದ್ ಬಟ್ಲು ತಾ."

ಮೀನು

ಅಡುಗೆಮನೆಯಿಂದ ಸೊಸೆ ದೊಡ್ಡ ತಟ್ಟೆ ಹೊತ್ತು ಬಂದಳು. ತಟ್ಟೆಯಲ್ಲಿ ಒಂದು ಹಸಿ ಕಾಟ್ಲಾ ಮೀನು: ಮೈಗೆ ಕೆಂಪು ರವಿಕೆ ಕಣ ಸೀರೆಯಂತೆ ಸುತ್ತಿದೆ, ಹಣೆಯಲ್ಲಿ ಕುಂಕುಮ, ಮೂತಿಗೆ ನನ್ನ ಹಳೆಯ ಮೂಗುಬೊಟ್ಟು.

"ಇದ್ಯಾರಮ್ಮ?" ಎಂದರು ಅತ್ತಿಗೆ.

"ನಮ್ಮಲ್ಲಿ ಮೀನು ಅಂದ್ರೆ ಶುಭ, ಸಮೃದ್ಧಿ ದೊಡ್ಡತ್ತೆ. ಮದುವೇಲಿ ಹೀಗೆ ಸಿಂಗಾರ ಮಾಡಿ ಬೀಗರ ಮನೆಗೆ ಕಳಿಸ್ತಾರೆ. ಅಪ್ಪ ಅಮ್ಮ ಬರಕ್ಕಾಗ್ಲಿಲ್ಲ. ಅವ್ರ ಪರವಾಗಿ ಇದು."

ಅತ್ತಿಗೆ ಎದ್ದು ಬಂದು ಮೀನನ್ನು ತಲೆಯಿಂದ ಬಾಲದವರೆಗೆ ನೋಡಿದರು. ಸೆರಗು ಸರಿಮಾಡಿಕೊಂಡು ಅದಕ್ಕೆ ಕೈ ಮುಗಿದರು.

"ಬೀಗಿತ್ತಿ ಅಷ್ಟು ದೂರದಿಂದ ಬಂದವ್ಳೆ, ಇನ್ನೇನ್ ನೋಡ್ತಾ ಕೂತಿದ್ದೀರಿ? ಎಲೆ ಹಾಕ್ರಿ."

ಮೀನು ಬೆಂದು ಬರುವ ತನಕ ಬಾಡಿನ ಸಾರಿನಲ್ಲಿ ಮುದ್ದೆ ಉಂಡರು. ಬಂದ ಮೇಲೆ ಮೀನಿಗೆ ಕೈ ಹಾಕಿದರು. ಯಜಮಾನರು ಪಕ್ಕದ ಎಲೆಯಲ್ಲಿ ತಲೆ ಬಗ್ಗಿಸಿ ಉಣ್ಣುತ್ತಿದ್ದರು, ಕಣ್ಣು ಒದ್ದೆ. ಕೊನೆಗೆ ಅತ್ತಿಗೆ ಬಾಯಿಂದ ಒಂದು ಮುಳ್ಳು ತೆಗೆದು ಎಲೆಯ ಅಂಚಿಗಿಟ್ಟು ಹೇಳಿದರು:

"ಬೀಗಿತ್ತಿ ಬಲು ಸವಿಯಾಗವ್ಳೆ ಕಣಮ್ಮ. ಮುಳ್ಳು ಒಸಿ ಜಾಸ್ತಿ. ಬೀಗ್ರು ಅಂದ್ಮೇಲೆ ಇರ್ತದೆ."

ಇದಕ್ಕೆಲ್ಲ ಆದ ಖರ್ಚು: ಒಂದು ಕಾಟ್ಲಾ ಮೀನು, ಒಂದು ರವಿಕೆ ಕಣ, ಒಂದು ಚಿನ್ನದ ಮೂಗುಬೊಟ್ಟು. ಮೂಗುಬೊಟ್ಟು ಇನ್ನೂ ಸಿಕ್ಕಿಲ್ಲ.