ಬೇವು ಬೆಲ್ಲದ ಬಿಯರು

ವೈಜಯಂತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಡುಗೆಮನೆಯ ಬಾಗಿಲಲ್ಲಿ ನಿಂತು, ಗಂಡನಿಗೂ ಮಗಳಿಗೂ ಮೇಲಿನ ಮನೆಯ ಕಪೂರ್ ಆಂಟಿಗೂ ಕೇಳಿಸುವಂತೆ ಘೋಷಿಸಿದಳು: "ನಾನಿರೋವರೆಗೆ ಈ ಮನೆಯಿಂದ ಒಂದು ಕಾಳು ಕಸಕ್ಕೆ ಹೋಗೋದಿಲ್ಲ."

ಅದು 2006ರ ಜನವರಿ. ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನ ಕಿಟಕಿಗೆ ಮಂಜು ಮೂರು ದಿನದಿಂದ ಮೂಗೊತ್ತಿಕೊಂಡು ನಿಂತಿತ್ತು. ಒಳಗೆ ಸೆಕ್ಷನ್ ಆಫೀಸರ್ ದತ್ತಾತ್ರೇಯ ತಟ್ಟೆಯಲ್ಲಿದ್ದ ದೋಸೆಯನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ದೆಹಲಿಯ ಚಳಿಗಾಲದಲ್ಲಿ ದೋಸೆಹಿಟ್ಟು ಹುದುಗು ಬರುವುದೆಂದರೆ ವರ್ಗಾವಣೆಯ ಅರ್ಜಿ ಮಂಜೂರಾದಂತೆ. ಬಂದರೂ ತಡವಾಗಿ, ಬೇಡವಾದ ಮೇಲೆ. ವೈಜಯಂತಿ ಹಿಟ್ಟಿನ ಪಾತ್ರೆಗೆ ಗಂಡನ ಹಳೆಯ ಸ್ವೆಟರ್ ತೊಡಿಸಿ, ಮಂಕಿಕ್ಯಾಪ್ ಹಾಕಿ, ರಜಾಯಿ ಹೊದಿಸಿ ಮಲಗಿಸಿದ್ದಳು. ಬೆಳಿಗ್ಗೆ ನೋಡಿದರೆ ಹಿಟ್ಟು ಹಿಂದಿನ ದಿನ ಹೇಗಿತ್ತೋ ಹಾಗೇ ತಣ್ಣಗೆ ಕೂತಿತ್ತು.

"ಇದಕ್ಕೆ ತೂತು ಮಾಡಿ ದಾರ ಪೋಣಿಸಿದರೆ ಒಳ್ಳೇ ಫೈಲಾಗುತ್ತೆ" ಎಂದ ದತ್ತಾತ್ರೇಯ. ಅಷ್ಟಕ್ಕೇ ನಿಲ್ಲಿಸಿದ್ದರೆ ಅವನ ಮುಂದಿನ ಶನಿವಾರಗಳೆಲ್ಲ ಸುಖವಾಗಿ ಕಳೆಯುತ್ತಿದ್ದವು. ಆದರೆ ಅವನ ಕಣ್ಣು ಅಡುಗೆಮನೆಯ ಅಟ್ಟದ ಮೇಲೆ ಹೋಯಿತು.

ಆ ಅಟ್ಟದಲ್ಲಿ ಏನಿತ್ತು ಎನ್ನುವುದಕ್ಕಿಂತ ಏನಿರಲಿಲ್ಲ ಎಂದು ಹೇಳುವುದು ಸುಲಭ. ಮೂರು ವರ್ಷದ ಹಿಂದೆ ತಿಪಟೂರಿನಿಂದ ರೈಲಿನಲ್ಲಿ ಬಂದ ರಾಗಿ, ಬೇಸಿಗೆಯಲ್ಲಿ ಕರಗಿ ಚಳಿಯಲ್ಲಿ ಕಲ್ಲಾದ ಬೆಲ್ಲ, ಕಳೆದ ಯುಗಾದಿಗೆ ಮಿಕ್ಕಿ ಒಣಗಿದ ಬೇವಿನ ಹೂವು, ಡಬ್ಬದ ತುಂಬ ಬ್ರೆಡ್ಡಿನ ಅಂಚುಗಳು, ಮಗಳು ಧನ್ಯಾ ಪೀಟ್ಜಾ ಮಾಡಲು ಹೋಗಿ ಸೋತಾಗ ಉಳಿದ ಯೀಸ್ಟ್. ಮನೆಯ ಉಳಿದ ಮೂಲೆಗಳಲ್ಲಿ ಗಂಡನ ಫೈಲು, ಮಗಳ ಪುಸ್ತಕ, ಸರ್ಕಾರದ ನಂಬರು ಬರೆದ ಕುರ್ಚಿ ಮೇಜು ತುಂಬಿಕೊಂಡಿದ್ದವು. ತನ್ನ ಮಾತು ನಡೆಯುವ ಜಾಗವೆಂದರೆ ವೈಜಯಂತಿಗೆ ಆ ಅಟ್ಟವೊಂದೇ. ಸ್ಟೂಲು ಹತ್ತಿ ಅಲ್ಲಿ ಕೈಯಿಟ್ಟಾಗ ಅವಳು ಅರ್ಧ ಅಡಿ ಎತ್ತರವಾಗುತ್ತಿದ್ದಳು.

"ನಾಳೆ ಭಾನುವಾರ, ಎಲ್ಲಾ ತೆಗೆದು ಎಸಿ ವೈಜೂ. ಇವುಗಳಿಂದ ಬ್ರಹ್ಮ ಬಂದರೂ ಏನೂ ಮಾಡೋಕಾಗಲ್ಲ."

ವೈಜಯಂತಿ ಅಟ್ಟದ ಡಬ್ಬಗಳನ್ನು ಒಂದೊಂದಾಗಿ ನೋಡಿದಳು. ತಿಪಟೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ರಸಾಯನಶಾಸ್ತ್ರ ಓದಿದವಳು. ಧಾನ್ಯ, ಸಕ್ಕರೆ, ಯೀಸ್ಟು. ಹದಿನೆಂಟು ವರ್ಷ ಎಲ್ಲೋ ಮಲಗಿದ್ದ ಪಾಠ ಎದ್ದು ಮೈಮುರಿಯಿತು.

"ಬ್ರಹ್ಮ ಬೇಡ" ಎಂದಳು. "ನಾನು ಬಿಯರ್ ಮಾಡ್ತೀನಿ."

ದತ್ತಾತ್ರೇಯನ ಗಂಟಲಲ್ಲಿ ದೋಸೆ ಸಿಕ್ಕಿಕೊಂಡಿತು. ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಷರತ್ತುಗಳು ತಯಾರಾದವು. ಬಿಯರ್ ಆದರೆ ದತ್ತಾತ್ರೇಯ ಅಟ್ಟದ ಬಗ್ಗೆಯಾಗಲಿ ದೋಸೆಯ ಬಗ್ಗೆಯಾಗಲಿ ಜನ್ಮದಲ್ಲಿ ಬಾಯಿ ತೆರೆಯಕೂಡದು. ಆಗದಿದ್ದರೆ ವೈಜಯಂತಿ ತನ್ನ ಕೈಯಾರೆ ಅಟ್ಟ ಖಾಲಿ ಮಾಡಬೇಕು.

"ಲೇಕಿನ್ ಮಮ್ಮಿ, ಅದು ಬಿಯರ್ ಆಗಿದೆ ಅಂತ ಡಿಸೈಡ್ ಮಾಡೋದು ಕೌನ್? ನಮ್ಮನೇಲಿ ಯಾರೂ ಟೇಸ್ಟೇ ಮಾಡಿಲ್ಲ" ಎಂದಳು ಒಂಬತ್ತನೇ ಕ್ಲಾಸಿನ ಧನ್ಯಾ.

"ಅಪ್ಪ ಕುಡಿದು ಹೇಳಲಿ. ಸುಳ್ಳು ಹೇಳೋ ಮನುಷ್ಯ ಅಲ್ಲ."

ದತ್ತಾತ್ರೇಯ ಆ ಹೊಗಳಿಕೆಗೆ ತಲೆ ತಗ್ಗಿಸಿ, ಮಫ್ಲರ್ ಸುತ್ತಿಕೊಂಡು ಹೊರಟುಬಿಟ್ಟ. ಅಂದು ಶನಿವಾರ. ಪ್ರತಿ ಶನಿವಾರ ಮಧ್ಯಾಹ್ನ ಅವನು ಮತ್ತು ಅವನ ಮೇಲಧಿಕಾರಿ ಬಸವಲಿಂಗಪ್ಪ ಹೌಜ್ ಖಾಸ್‌ನಲ್ಲಿ ಸ್ನೇಹಿತರೊಬ್ಬರ ಮನೆಗೆ ಕೋರಸ್ ಅಭ್ಯಾಸಕ್ಕೆ ಹೋಗುತ್ತಿದ್ದರು. ಮೂರು ವರ್ಷದಿಂದ ಒಂದೇ ಹಾಡು. ಕನ್ನಡ ಸಂಘದ ರಾಜ್ಯೋತ್ಸವದ ದಿನ ಮಾತ್ರ ಇಬ್ಬರೂ ಹಿಂದಿನ ಸಾಲಿನಲ್ಲಿ ನಿಂತು ತುಟಿ ಅಲ್ಲಾಡಿಸುತ್ತಿದ್ದರು. ಹಾಡಿ ಹಾಡಿ ಗಂಟಲು ಒಣಗುತ್ತದೆಂದು ದತ್ತಾತ್ರೇಯ ಬಾಯ್ತುಂಬ ಸೋಂಪು ಅಗಿಯುತ್ತ ಮನೆಗೆ ಬರುತ್ತಿದ್ದ. ಇಷ್ಟು ಶ್ರದ್ಧೆಯಿದ್ದೂ ಇವರನ್ನು ಮುಂದಿನ ಸಾಲಿಗೆ ಕರೆಯುವುದಿಲ್ಲವಲ್ಲ ಎಂದು ವೈಜಯಂತಿಗೆ ಸಣ್ಣ ಬೇಸರವೂ ಇತ್ತು.

ಆ ಮಧ್ಯಾಹ್ನವೇ ಅಡುಗೆಮನೆ ಪ್ರಯೋಗಶಾಲೆಯಾಯಿತು. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಧನ್ಯಾಳನ್ನು ಬೆಳೆಸಿದ್ದೇ ಮೊಳಕೆ ರಾಗಿಯ ಸರಿಯಲ್ಲಿ. ಮೊಳಕೆ ಬಂದದ್ದನ್ನು ಒಣಗಿಸಿ, ಬೆಚ್ಚಗೆ ಹುರಿದು, ತರಿತರಿಯಾಗಿ ಬೀಸಿ, ಬ್ರೆಡ್ಡಿನ ಅಂಚಿನ ಜೊತೆ ಬಿಸಿನೀರಿನಲ್ಲಿ ನೆನೆಹಾಕಿ ಸೋಸಿದಳು. ಬೆಲ್ಲ ಹಾಕಿ ಕುದಿಸಿದಳು. ಧನ್ಯಾ ಸೈಬರ್ ಕೆಫೆಯಿಂದ ತಂದ ಕಾಗದದಲ್ಲಿ ಕಹಿಗೆ ಯಾವುದೋ ವಿದೇಶದ ಹೂವು ಹಾಕಬೇಕೆಂದಿತ್ತು. ಹೂವೇ ತಾನೆ? ವೈಜಯಂತಿ ಬೇವಿನ ಹೂವನ್ನು ಎರಡು ಹಿಡಿ ಸುರಿದಳು. ಒಲೆಯಿಂದ ಎದ್ದ ಆವಿಯಲ್ಲಿ ಒಂದು ಕ್ಷಣ ಚೈತ್ರದ ಬೆಳಗಿನ ವಾಸನೆ ಬಂತು. ಆಮೇಲೆ ಸುಟ್ಟ ಬ್ರೆಡ್ಡಿನದು.

ತಣಿದ ಮೇಲೆ ಯೀಸ್ಟ್ ಬಿತ್ತು. ಈ ಸಲ ಸ್ವೆಟರು ಸಾಲದೆಂದು ಪಾತ್ರೆಯನ್ನು ಹೀಟರಿನ ಪಕ್ಕದಲ್ಲಿಟ್ಟು, ದತ್ತಾತ್ರೇಯನ ಆಫೀಸಿನ ಕೋಟನ್ನೂ ತೊಡಿಸಿದಳು. ಅವನು ಮೂರು ದಿನ ಕೋಟಿಲ್ಲದೆ ನಡುಗುತ್ತ ಮಂತ್ರಾಲಯಕ್ಕೆ ಹೋದ. ನಾಲ್ಕನೇ ದಿನ ಪಾತ್ರೆ ಗುಳುಗುಳು ಎಂದಿತು. ವೈಜಯಂತಿ ಕಿವಿಗೊಟ್ಟು ಕೇಳಿದಳು. ಏಳು ಚಳಿಗಾಲದಲ್ಲಿ ಆ ಮನೆಯಲ್ಲಿ ಮೊದಲ ಬಾರಿಗೆ ಏನೋ ಹುದುಗು ಬಂದಿತ್ತು. ಉತ್ಸಾಹ ತಡೆಯಲಾರದೆ, ಕಾಗದದಲ್ಲಿ ಹೇಳಿದ್ದ ಎರಡು ವಾರ ಕಾಯದೆ, ಶರಬತ್ತಿನ ಖಾಲಿ ಬಾಟಲಿಗಳಿಗೆ ತುಂಬಿ ಬಿಗಿಯಾಗಿ ಮುಚ್ಚಿದಳು. ತಳದ ಗಸಿಯನ್ನು ಎಸೆಯದೆ ಬೋಗುಣಿಯಲ್ಲಿ ಎತ್ತಿಟ್ಟಳು. ಬಾಟಲಿಗಳಿಗೆ ಮನೆಯಲ್ಲಿ ಅತಿ ಬೆಚ್ಚಗಿನ ಜಾಗ ಯಾವುದು? ಮಂಚದೊಳಗಿನ ರಜಾಯಿ ಪೆಟ್ಟಿಗೆ. ಹಲಗೆ ಎತ್ತಿ, ಮಿಕ್ಕ ರಜಾಯಿಗಳ ನಡುವೆ ಅವುಗಳನ್ನು ಸಾಲಾಗಿ ಮಲಗಿಸಿ, ಮೇಲೆ ಹಾಸಿಗೆ ಹಾಸಿದಳು.

ಸಂಕ್ರಾಂತಿಯ ಸಂಜೆ ಬಸವಲಿಂಗಪ್ಪ, ಹೆಂಡತಿ ಇಂದಿರಾ ಜೊತೆ ಎಳ್ಳು ಬೀರಲು ಬಂದರು. ದೆಹಲಿಯ ಜನವರಿಯಲ್ಲಿ ಅತಿಥಿಗಳನ್ನು ಕುರ್ಚಿಯಲ್ಲಿ ಕೂರಿಸುವುದು ದ್ವೇಷ ಸಾಧಿಸಿದಂತೆ. ಹಾಗಾಗಿ ಇಬ್ಬರನ್ನೂ ಮಂಚದ ಮೇಲೆ ಕೂರಿಸಿ, ಕಾಲಿಗೆ ರಜಾಯಿ ಹೊದಿಸಿ, ಹೀಟರನ್ನು ಮಂಚಕ್ಕೇ ತಿರುಗಿಸಲಾಯಿತು. ಬಸವಲಿಂಗಪ್ಪ ಎಳ್ಳು ಬಾಯಿಗೆ ಹಾಕಿಕೊಂಡು ಒಳ್ಳೆಯ ಮಾತಾಡುತ್ತಿದ್ದರು.

ಅವರ ಕೆಳಗೆ ಢಂ ಎಂದಿತು.

ಬಾಂಬಿನ ಭಯಕ್ಕೆ, ಸೀಟಿನ ಕೆಳಗೆ ನೋಡಿ ಕೂರಿ ಎಂದು ಬಸ್ಸು ಬಸ್ಸಿನಲ್ಲೂ ಬರೆದಿದ್ದ ಕಾಲ ಅದು. ಬಸವಲಿಂಗಪ್ಪ ನೋಡಲು ನಿಲ್ಲಲಿಲ್ಲ. ರಜಾಯಿ ಸಮೇತ ಎದ್ದು, ಮದುವೆಯ ಶಾಲು ಹೊದ್ದ ವರನಂತೆ ಅದನ್ನು ಎಳೆದುಕೊಂಡು ಬಾಗಿಲಿಗೆ ಓಡಿದರು. ಹಿಂದೆಯೇ ಇನ್ನೆರಡು ಢಂ. ಹಲಗೆಯ ಸಂದಿನಿಂದ ಕಂದು ನೊರೆ ನಿಧಾನವಾಗಿ ಉಕ್ಕಿ, ನೆಲಕ್ಕಿಳಿದು, ಹೀಟರಿನ ಕಡೆ ಹರಿಯತೊಡಗಿತು. ಧನ್ಯಾ ಓಡಿ ಪ್ಲಗ್ಗು ಕಿತ್ತಳು.

"ಕಷಾಯ ಸರ್" ಎಂದ ದತ್ತಾತ್ರೇಯ, ಮುಖ ಬಿಳುಪೇರಿ. "ನೆಗಡಿಗೆ ಅಂತ ವೈಜೂ ಕಷಾಯ ಮಾಡಿಟ್ಟಿದ್ದಳು."

ವೈಜಯಂತಿಗೆ ನಾಚಿಕೆ ಪಡಲು ಅದಕ್ಕಿಂತ ಒಳ್ಳೆಯ ಸಂದರ್ಭ ಇರಲಿಲ್ಲ. ಪಡಲಿಲ್ಲ.

"ಕಷಾಯ ಅಲ್ಲ. ಬಿಯರ್. ನಾನೇ ಮಾಡಿದ್ದು" ಎಂದಳು. ಹಲಗೆ ಎತ್ತಿ, ಒದ್ದೆ ರಜಾಯಿಗಳ ನಡುವಿನಿಂದ ಉಳಿದ ಬಾಟಲಿಯೊಂದನ್ನು ಹೊಸದಾಗಿ ಹುಟ್ಟಿದ ಕೂಸಿನಂತೆ ಟವೆಲಿನಲ್ಲಿ ಸುತ್ತಿ ತೆಗೆದಳು. ಷರತ್ತನ್ನು ಅತಿಥಿಗಳಿಗೆ ವಿವರಿಸಿದಳು. ಮುಚ್ಚಳ ಸಡಿಲಿಸಿ, ಸ್ಟೀಲ್ ಲೋಟಕ್ಕೆ ಬಗ್ಗಿಸಿ ಗಂಡನ ಮುಂದೆ ಹಿಡಿದಳು. ಅಟ್ಟದ ಹಣೆಬರಹ ಆ ಲೋಟದಲ್ಲಿತ್ತು.

ದತ್ತಾತ್ರೇಯ ಒಂದು ಗುಟುಕು ಕುಡಿದ. ಗೆಲ್ಲುವ ಆಸೆ ಮನುಷ್ಯನ ಬುದ್ಧಿ ಕೆಡಿಸುತ್ತದೆ.

"ಇದು ಬಿಯರ್ ಅಲ್ಲವೇ ಅಲ್ಲ" ಎಂದ.

"ಅನ್ಯಾಯ ಮಾಡಬೇಡಿ. ಸರಿಯಾಗಿ ಕುಡಿದು ಹೇಳಿ."

"ತಡೀರಿ, ನಾ ನೋಡ್ತೀನಿ" ಎಂದು ಬಸವಲಿಂಗಪ್ಪ ರಜಾಯಿಯೊಳಗಿನಿಂದ ಕೈ ಚಾಚಿದರು. ಒಂದು ಗುಟುಕು ಬಾಯಲ್ಲಿಟ್ಟು, ಫೈಲಿನ ಮೇಲೆ ಟಿಪ್ಪಣಿ ಬರೆಯುವವರಂತೆ ಕಣ್ಣು ಮುಚ್ಚಿದರು. "ದತ್ತಾತ್ರೇಯ ಹೇಳೋದು ಖರೆ ಅದ ತಂಗಿ. ಬಿಯರ್ ಅಂದ್ರ ನಾಲಿಗಿ ಹಿಂದ ಕಹಿ ನಿಲ್ಲಬೇಕು. ಇದು ಮುಂದೇ ಹುಳಿ ಹೊಡೀತದ. ನೊರಿನೂ ದಪ್ಪ ಆತು. ನಾವು ಶನಿವಾರ ತರಸೋದು ಹೆಂಗಿರ್ತದ ಅಂದ್ರ..."

ಅಲ್ಲಿಗೆ ಟಿಪ್ಪಣಿ ನಿಂತಿತು. ಮಂಚದೊಳಗೆ ಇನ್ನೊಂದು ಬಾಟಲಿ ಒಡೆಯಿತು, ಯಾರೂ ಬೆಚ್ಚಲಿಲ್ಲ.

"ಶನಿವಾರ?" ಎಂದರು ಇಂದಿರಾ, ಬಹಳ ಮೆಲ್ಲಗೆ. "ಆ ಕೋರಸ್ಸು ಈಗ ಇಲ್ಲೇ ಒಂದ್ಸಲ ಹಾಡಿಬಿಡಿ. ಇಬ್ಬರೂ."

ಇಬ್ಬರೂ ಹಾಡಿದರು. ಮೊದಲ ಸಾಲಿನ ಅರ್ಧದವರೆಗೆ.

ಮನೆಯ ಪ್ರತಿ ಡಬ್ಬದ ತೂಕ ಬಲ್ಲ ವೈಜಯಂತಿ ಆ ಮೂರು ವರ್ಷದ ಸೋಂಪನ್ನು ಮನಸ್ಸಿನಲ್ಲೇ ತೂಗಿ ನೋಡಿದಳು. ಇಬ್ಬರು ಅನುಭವಸ್ಥರು ಒಂದೇ ತೀರ್ಪು ಕೊಟ್ಟಿದ್ದರು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಅವಳು ಸೋತಿದ್ದಳು.

ಮಾತು ಮಾತೇ. ಭಾನುವಾರ ಬೆಳಿಗ್ಗೆ ಅವಳು ಅಟ್ಟ ಖಾಲಿ ಮಾಡಲು ಸ್ಟೂಲು ಹಾಕಿದಳು. ಹಿಂದಿನ ಸಂಜೆ ಮಾತ್ರ, ಎಸೆಯಲು ಕೈ ಬಾರದೆ, ಬೋಗುಣಿಯ ಗಸಿಯನ್ನು ದೋಸೆಹಿಟ್ಟಿಗೆ ಕಲಸಿಟ್ಟಿದ್ದಳು. ಹಿಟ್ಟು ಸ್ವೆಟರನ್ನು ಹಿಗ್ಗಿಸಿ, ಮಂಕಿಕ್ಯಾಪನ್ನು ಕೆಳಗೆ ಬೀಳಿಸಿ, ಪಾತ್ರೆಯ ಹೊರಗೆ ಬಂದು ಕಾಯುತ್ತಿತ್ತು. ದೋಸೆಗಳು ತೂತು ತೂತಾಗಿ, ಮೋಡದ ತುಂಡಿನಂತೆ ಎದ್ದವು. ದತ್ತಾತ್ರೇಯ ಐದು ತಿಂದ, ತಲೆಯೆತ್ತದೆ.

"ವಾಹ್ ಮಮ್ಮಿ" ಎಂದಳು ಧನ್ಯಾ. "ನಿನ್ನ ಬಿಯರ್ ಲೋಟಕ್ಕಿಂತ ತವಾ ಮೇಲೆ ಚೆನ್ನಾಗಿ ಬರುತ್ತೆ."

"ಅಟ್ಟ ಇರಲಿ ಬಿಡು ವೈಜೂ" ಎಂದ ದತ್ತಾತ್ರೇಯ, ತಟ್ಟೆಗೆ ಹೇಳಿದಂತೆ. "ಕೋರಸ್ಸೂ ಬಿಟ್ಟೆ."

"ಬಿಡಬೇಡಿ" ಎಂದಳು ವೈಜಯಂತಿ, ಸ್ಟೂಲಿನ ಮೇಲಿನಿಂದ, ಅರ್ಧ ಅಡಿ ಎತ್ತರವಾಗಿ. "ಈ ಶನಿವಾರ ಹೋಗಿ. ಬರುವಾಗ ನನಗೊಂದು ಬಾಟಲಿ ತನ್ನಿ. ಅಸಲಿ ಹೇಗಿರುತ್ತೆ ಅಂತ ನೋಡದೆ ಪ್ರಯೋಗ ಮುಗಿಸೋಕಾಗಲ್ಲ."

ದತ್ತಾತ್ರೇಯ ಮೊದಲ ಬಾರಿಗೆ ತಲೆಯೆತ್ತಿದ.

ಶನಿವಾರ ಬಾಟಲಿ ಬಂತು. ವೈಜಯಂತಿ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಮುಖ ಹಿಂಡಿ, ಬಹಳ ಹೊತ್ತು ಯೋಚಿಸಿದಳು.

"ಇದನ್ನು ಕುಡಿಯೋಕಾ ನೀವು ಮೂರು ವರ್ಷ ಸುಳ್ಳು ಹೇಳಿದ್ದು?" ಎಂದು ಕೇಳಿ, ಮಿಕ್ಕದ್ದನ್ನು ಎಸೆಯದೆ ಮುಚ್ಚಳ ಹಾಕಿ ಅಟ್ಟದಲ್ಲಿಟ್ಟಳು.