ಮೀನಿಗೆ ಸೋಸಿದ ನೀರು

ಇಡೀ ನಿಜಾಮರ ರಾಜ್ಯದಲ್ಲಿ ಮೀನಿಗೆ ನೀರು ಸೋಸಿ ಕೊಟ್ಟ ಒಬ್ಬನೇ ಒಬ್ಬ ಗುಮಾಸ್ತನೆಂದರೆ ನನ್ನ ಸೋದರಮಾವ! ಅದೂ ಎಂಥ ಮನೆಯಲ್ಲಿ? ಮೀನಿನ ಹೆಸರೆತ್ತಿದರೆ ಬಾಯಿ ತೊಳೆದುಕೊಳ್ಳುವ ಲಿಂಗವಂತರ ಮನೆಯಲ್ಲಿ! ಕಲಬುರ್ಗಿಯ ಕಚೇರಿಯಿಂದ ಬಂದವನು ರುಮಾಲು ಬಿಚ್ಚುವ ಮೊದಲೇ ಪಡಸಾಲೆಯ ಗಾಜಿನ ತೊಟ್ಟಿಯಲ್ಲಿ ಇಣುಕುತ್ತಿದ್ದ. ಒಳಗೆ ಬೆರಳುದ್ದದ ಆರು ಮೀನು. ಎಲ್ಲಿಂದ ತಂದದ್ದೆಂದು ಅವರ ಮನೆಯಲ್ಲೇ ಇದ್ದ ನಾನು ಕೇಳಿದರೆ ಮಾತು ಮರೆಸುತ್ತಿದ್ದ.

ಕೆಲವೇ ದಿನಕ್ಕೆ ನೀರು ಮಬ್ಬಾಗಿ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಮಾಮಾ ಬಿಟ್ಟಾನೆಯೇ? ತಳಕ್ಕೆ ತೂತು ಕೊರೆದ ಗಡಿಗೆಯೊಂದನ್ನು ತೊಟ್ಟಿಯ ಮೇಲೆ ತೂಗುಹಾಕಿದ. ತೊಟ್ಟಿಯ ನೀರನ್ನೇ ತಂಬಿಗೆಯಿಂದ ಮೊಗೆದು ಗಡಿಗೆಗೆ ಸುರಿಯುವುದು, ಅದು ಸೋಸಿ ಮತ್ತೆ ಕೆಳಗಿಳಿಯುವುದು. ಸರಿ, ಗಡಿಗೆಯೊಳಗೆ ಏನು ತುಂಬಬೇಕು? ತನ್ನ ತಲೆದಿಂಬನ್ನೇ ಹರಿದು ಹತ್ತಿ ತುಂಬಿದ. ಹತ್ತಿ ಉಬ್ಬಿ ಕೂತು ಒಂದು ಹನಿಯೂ ಬೀಳಲಿಲ್ಲ. ಮಾಮಾ ಇಟ್ಟಿಗೆಯ ಮೇಲೆ ತಲೆಯಿಟ್ಟು ಮಲಗಿದ್ದೇ ಬಂತು! ಆಮೇಲೆ ಇದ್ದಿಲು. ಕುಟ್ಟುವ ಉತ್ಸಾಹದಲ್ಲಿ ತೊಳೆಯುವುದನ್ನು ಮರೆತ. ತೊಟ್ಟಿಯ ನೀರು ಕಚೇರಿಯ ಮಸಿಯಂತಾಯಿತು. ಮೀನು ಕಾಣಿಸದೆ ಮಾಮಾ ಎರಡು ದಿನ ಊಟ ಬಿಟ್ಟ.

ಕೊನೆಗೆ ಬಂಡಿ ಕಟ್ಟಿಸಿಕೊಂಡು ಹೋಗಿ, ಮೈತುಂಬ ತೂತುಗಳಿದ್ದ, ಪಾಚಿಗಟ್ಟಿದ ಕೆಂಪು ಕಲ್ಲುಗಳನ್ನು ಹೊತ್ತು ತಂದ. ಕಮಲಾಪುರದವು, ಅತ್ತೆಗೆ ಹೇಳಬೇಡ ಎಂದು ನನ್ನ ಕಿವಿಯಲ್ಲಿ ಉಸುರಿದ. ಅದು ಅತ್ತೆಯ ತವರು. ಅವಳ ಅವ್ವ ತೀರಿಕೊಂಡ ಮೇಲೆ ಆ ಊರಿನ ಹೆಸರು ಕೇಳಿದರೆ ಸಾಕು, ಅವಳ ಕಣ್ಣು ತುಂಬುತ್ತಿತ್ತು. ಕಲ್ಲುಗಳನ್ನು ಗಡಿಗೆಗೆ ತುಂಬಿದ ವಾರದೊಳಗೆ ನೀರು ಕನ್ನಡಿಯಂತೆ ತಿಳಿಯಾಯಿತು! ಮಾಮಾ ಓಣಿಯ ಮಂದಿಯನ್ನೆಲ್ಲ ಕರೆದು ತೋರಿಸಿದ.

ಈ ಸುಖ ಎಷ್ಟು ದಿನ? ಹೊರಗಿನಿಂದ ಬಂದದ್ದು ಏನೇ ಇರಲಿ, ಬೂದಿ ಹಚ್ಚಿ ತಿಕ್ಕದಿದ್ದರೆ ಅತ್ತೆಗೆ ನಿದ್ದೆ ಬರದು. ಮಾಮಾ ಕಚೇರಿಗೆ ಹೋದಾಗ, ಮುಟ್ಟಲು ಹೇಸಿ, ಕಲ್ಲುಗಳನ್ನು ಚಿಮಟದಿಂದ ಎತ್ತಿ ನೇರ ಕುದಿಯುವ ಬೂದಿನೀರಿಗೆ ಹಾಕಿದಳು. ಕಲ್ಲುಗಳೇನೋ ಫಳಫಳ ಹೊಳೆಯುತ್ತ ಗಡಿಗೆಗೆ ಮರಳಿದವು. ಆದರೆ ನಾಲ್ಕು ದಿನದಲ್ಲಿ ನಾಲ್ಕು ಮೀನು ಸತ್ತವು.

ಮಾಮಾ ಬೈಯಲಿಲ್ಲ. ಮತ್ತೆ ಬಂಡಿ ಕಟ್ಟಿಸಿದ, ಮತ್ತೆ ಕಲ್ಲು ತಂದ, ಈ ಸಲ ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು. ಅತ್ತೆ ಬೂದಿಯ ಬುಟ್ಟಿ ಹಿಡಿದೇ ಎದುರಾದಳು.

“ತೊಳೀಬ್ಯಾಡ. ಈ ಪಾಚಿಯಾಗೇ ಅವುಗಳ ಜೀವ ಅದ,” ಎಂದು ಮಾಮಾ ಒಂದು ಕಲ್ಲನ್ನು ಅವಳ ಮುಂದೆ ಹಿಡಿದ.

ಮುಖ ತಿರುಗಿಸಿದ ಅತ್ತೆ ತಟ್ಟನೆ ನಿಂತಳು. ಕಲ್ಲನ್ನು ಕೈಗೆ ತೆಗೆದುಕೊಂಡು ಮೂಸಿದಳು.

“ಇದು ನಮ್ಮ ಅವ್ವನ ಬಾವಿ ವಾಸನಿರೀ.”

ಮಾಮಾ ತಲೆ ತಗ್ಗಿಸಿದ. “ಮೀನೂ ಅಲ್ಲಿವೇ. ನಿನ್ನ ತಮ್ಮ ಬಾವಿ ಮುಚ್ಚಸಾಕತ್ತಾನ. ಅವ್ವನ ಕೈಲೆ ಚುರುಮರಿ ತಿಂದ ಮೀನ, ಮಣ್ಣಾಗ ಹೆಂಗ ಬಿಡೂದು ಅಂತ ತಂದೆ. ನಿನಗ ಹೇಳಾಕ ಬಾಯಿ ಬರಲಿಲ್ಲ.”

ಅತ್ತೆ ತೊಟ್ಟಿಗೆ ಬಗ್ಗಿ ಉಳಿದೆರಡು ಮೀನುಗಳನ್ನು ನೋಡಿದಳು. ನಂತರ ಬೂದಿಬುಟ್ಟಿಯನ್ನು ಹಿತ್ತಲಲ್ಲಿಟ್ಟು ಬಂದು, ಪಾಚಿಗಲ್ಲುಗಳನ್ನು ಒಂದೊಂದಾಗಿ ಬರಿಗೈಯಿಂದಲೇ ಗಡಿಗೆಗೆ ಇಳಿಸಿದಳು. ನಗಲೆಂದೇ ಅಲ್ಲಿ ನಿಂತಿದ್ದ ನಾನು ಖಾಲಿ ಗೋಣಿಯನ್ನು ಮಡಚತೊಡಗಿದೆ. ನೀರು ಮೊಗೆಯಲು ಮಾಮಾ ತಂಬಿಗೆ ಎತ್ತಿದ. ಅತ್ತೆ ಅದನ್ನು ಅವನ ಕೈಯಿಂದ ತೆಗೆದುಕೊಂಡಳು.