ನಮ್ಮ ಹುಡುಗಿ ಕೇಟಿ

ಒಂಟಿಯಾಗಿ ಉಳಿದ ಗಂಡಸು ಮೊದಲು ಸಾರು ಕೆಡಿಸುತ್ತಾನೆ, ಆಮೇಲೆ ಟಿವಿಯ ಜೊತೆ ಮಾತಾಡಲು ಶುರುಮಾಡುತ್ತಾನೆ. ನಾನು ಎರಡನ್ನೂ ಮಾಡಿದವನು. ಆಗ ಎಂಬತ್ತರ ದಶಕದ ಆರಂಭ. ಅಡಿಲೇಡಿನ ಮಾಡ್ಬರಿಯಲ್ಲಿ ಬಾಡಿಗೆ ಮನೆ, ಆಸ್ಪತ್ರೆಯಲ್ಲಿ ಹೊಸದಾಗಿ ಸೇರಿದ ಡಾಕ್ಟರ್ ಕೆಲಸ. ಹೆಂಡತಿ ಸ್ಟೆಲ್ಲಾ ಚೊಚ್ಚಲ ಹೆರಿಗೆಗೆ ಮೈಸೂರಿಗೆ ಹೋಗಿದ್ದಳು. ಭಾನುವಾರ ಚರ್ಚಿನಿಂದ ಬಂದು ಬಾಗಿಲು ಹಾಕಿಕೊಂಡರೆ ಮರುದಿನದವರೆಗೆ ಮಾತಿಗೊಂದು ಪ್ರಾಣಿಯಿಲ್ಲ. ಫ್ರಿಜ್ಜು ಗುರ್ರೆನ್ನುತ್ತಿತ್ತು. ಅದೂ ಸುಮ್ಮನಾದಾಗ, ಇದಕ್ಕೂ ನನ್ನ ಮೇಲೆ ಬೇಸರ ಬಂತೇನೋ ಅನ್ನಿಸುತ್ತಿತ್ತು.

ಅಂಥ ಒಂದು ಭಾನುವಾರ ಸಂಜೆ ಟಿವಿಯ ಪ್ರತಿಭಾ ಸ್ಪರ್ಧೆಯಲ್ಲಿ ಕೇಟಿ ಕಾಣಿಸಿಕೊಂಡಳು. ಪರ್ತ್‌ನಿಂದ ಬಂದ ಏಳೆಂಟು ವರ್ಷದ ಹುಡುಗಿ. ಮುಂದಿನ ಹಲ್ಲು ಬಿದ್ದಿದ್ದರಿಂದ ಹಾಡಿನ ಜೊತೆ ಅಷ್ಟಿಷ್ಟು ಗಾಳಿಯೂ ಬರುತ್ತಿತ್ತು. ಮೈಕಿನ ಮುಂದೆ ನಿಂತವಳು ಯಾರನ್ನೋ ಹುಡುಕುವಂತೆ ಅತ್ತಿತ್ತ ನೋಡಿ, ಸಿಗದೆ, ಕಣ್ಣುಮುಚ್ಚಿ ಹಾಡಿಯೇಬಿಟ್ಟಳು. ನಾನು ತಟ್ಟೆ ಕೆಳಗಿಟ್ಟು "ಭೇಷ್ ಕಣೇ ಪುಟ್ಟಿ!" ಎಂದು ಕೂಗಿದೆ.

ನೋಡುಗರು ಚಾನೆಲ್ಲಿಗೆ ಫೋನ್ ಮಾಡಿ ಮತ ಹಾಕಬೇಕಿತ್ತು. ನನ್ನೊಬ್ಬನ ಮತ ಯಾವ ಮೂಲೆಗೆ? ಆಸ್ಪತ್ರೆಯಲ್ಲಿ ಪ್ರಚಾರಕ್ಕಿಳಿದೆ. ನಮಗೋ ಮೆಚ್ಚಿದವರೆಲ್ಲ 'ನಮ್ಮವರೇ'. ಅದನ್ನೇ ಇಂಗ್ಲಿಷಿಗೆ ತಿರುಗಿಸಿ, "ನಮ್ಮ ಹುಡುಗಿ ಟಿವಿಯಲ್ಲಿ ಹಾಡ್ತಿದ್ದಾಳೆ, ಎಲ್ಲರೂ ಫೋನ್ ಮಾಡಿ" ಎಂದೆ. ವಾರ್ಡಿನ ಹಿರಿಯ ನರ್ಸ್ ಸಿಸ್ಟರ್ ಮಾರ್ಗರೆಟ್ ಚಹಾದ ಕಪ್ಪು ಕೆಳಗಿಟ್ಟರು.

"ಆ ಹುಡುಗಿ ನಿಮ್ಮವಳಾ, ಡಾಕ್? ಮತ್ತೆ ನಿಮ್ಮ ಹೆಂಡತಿ?"

"ತಾಯಿ ಮನೆಗೆ ಹೋಗಿದ್ದಾಳೆ."

ಅವರು ನನ್ನ ಭುಜ ತಟ್ಟಿದರು. ಅಂದು ಅಡುಗೆಯವರಿಂದ ಹಿಡಿದು ಎಕ್ಸ್‌ರೇಯವರವರೆಗೆ ಎಲ್ಲರೂ ಮೆತ್ತಗೆ ಮಾತಾಡಿಸಿ, ಖಂಡಿತ ಫೋನ್ ಮಾಡುತ್ತೇವೆಂದರು. ಈ ದೇಶದವರಿಗೆ ಸಂಗೀತವೆಂದರೆ ಇಷ್ಟು ಪ್ರಾಣವೇ ಎಂದು ನಾನು ಹಿಗ್ಗಿದೆ.

ಕೇಟಿ ಫೈನಲ್ ತಲುಪಿದಳು. ಅದನ್ನು ಕನ್ನಡದಲ್ಲಿ ಯಾರಿಗಾದರೂ ಹೇಳದೆ ಸಮಾಧಾನವಿಲ್ಲ. ಮೈಸೂರಿಗೆ ಟ್ರಂಕ್ ಕಾಲ್ ಮಾಡಿದೆ.

"ಊಟ ಸರಿಯಾಗಿ ಮಾಡ್ತಿದ್ದೀರಾ?" ಎಂದಳು ಸ್ಟೆಲ್ಲಾ.

"ಅದಿರ್ಲಿ, ನಮ್ಮ ಕೇಟಿ ಫೈನಲ್‌ಗೆ ಬಂದ್ಬಿಟ್ಳು!"

"ಯಾರ್ರೀ ಅದು ಕೇಟಿ?"

ವಯಸ್ಸು ಹೇಳುವ ಮೊದಲೇ ಲೈನ್ ಕಟ್ಟಾಯಿತು. ಮತ್ತೆ ಸಿಕ್ಕಾಗ ಫೋನೆತ್ತಿದವರು ಮಾವ. ದನಿ ಬಹಳ ಗಂಭೀರವಾಗಿತ್ತು. ಅವರಿಗೆ ಹಲ್ಲು ಬಿದ್ದದ್ದರಿಂದ ಹಿಡಿದು ಎಲ್ಲ ವಿವರಿಸುವ ಹೊತ್ತಿಗೆ ಬೆವೆತುಹೋದೆ.

ಫೈನಲ್ ದಿನ ನನಗೆ ಡ್ಯೂಟಿ. ವಾರ್ಡಿನ ಟಿವಿಯ ಮುಂದೆ ಗಾಲಿಕುರ್ಚಿಗಳೆಲ್ಲ ಸೇರಿದ್ದವು. ಸಿಸ್ಟರ್ ಕೇಕ್ ತಂದಿದ್ದರು. ಕೇಟಿ ಹಾಡಿದಳು. ಹಾಡು ಮುಗಿದಾಗ ಟಿವಿಯವರು ಸಭೆಯಲ್ಲಿದ್ದ ಅವಳ ತಾಯಿಯನ್ನೂ, ಪಕ್ಕದಲ್ಲಿ ಅಳುತ್ತ ಚಪ್ಪಾಳೆ ತಟ್ಟುತ್ತಿದ್ದ ಕೆಂಪು ಕೂದಲಿನ ಗಂಡಸನ್ನೂ ತೋರಿಸಿ, "ಇವರೇ ಅಪ್ಪ" ಎಂದರು.

ಗಾಲಿಕುರ್ಚಿಗಳೆಲ್ಲ ನನ್ನ ಕಡೆ ತಿರುಗಿದವು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸಿಸ್ಟರ್ ನನ್ನ ಕೈಹಿಡಿದು, "ಯಾರು ಏನೇ ಅನ್ಲಿ ಡಾಕ್, ನಿಜವಾದ ಅಪ್ಪ ನೀವೇ" ಎಂದರು.

ಆಗ ನನಗೆ ಎಲ್ಲ ಹೊಳೆಯಿತು. ಹೆಂಡತಿ ಮಗಳ ಸಮೇತ ನನ್ನನ್ನು ಬಿಟ್ಟುಹೋಗಿದ್ದಾಳೆಂದೇ ಇವರೆಲ್ಲ ನಂಬಿದ್ದರು. ಸ್ಟೆಲ್ಲಾ ಮೈಸೂರಿನಲ್ಲಿರುವುದು, ಹೆರಿಗೆ, ಕೇಟಿ ಯಾರೋ ನನಗೆ ಗೊತ್ತೇ ಇಲ್ಲದಿರುವುದು ಎಲ್ಲವನ್ನೂ ತಡವರಿಸಿಕೊಂಡು ಹೇಳಿದೆ.

"ಹಾಗಾದ್ರೆ ಇಷ್ಟೆಲ್ಲ ಒದ್ದಾಡಿದ್ದು ಯಾಕೆ?"

"ಮನೇಲಿ ಬೇರೆ ಯಾರೂ ಇರ್ಲಿಲ್ಲ, ಸಿಸ್ಟರ್."

ಯಾರೂ ನಗಲಿಲ್ಲ. ಕೇಟಿಗೆ ಎರಡನೆಯ ಸ್ಥಾನ ಬಂದದ್ದು ಈ ಗೊಂದಲದಲ್ಲಿ ಯಾರಿಗೂ ಕೇಳಿಸಲೂ ಇಲ್ಲ. ಸಿಸ್ಟರ್ ಕೇಕಿನ ದೊಡ್ಡ ತುಂಡೊಂದನ್ನು ನನ್ನ ಕೈಗಿಟ್ಟು, "ಮುಂದಿನ ಭಾನುವಾರ ನಮ್ಮನೇಲಿ ಬಾರ್ಬಿ. ನೀವು ಬರ್ತಿದ್ದೀರಿ" ಎಂದರು. ಕೇಳಿದ್ದಲ್ಲ, ಅಪ್ಪಣೆ.

ಹೋದೆ. ಬಾರ್ಬಿ ಎಂದರೆ ಕೆಂಡದ ಮೇಲೆ ಮಾಂಸ ಸುಟ್ಟು ತಿನ್ನುವ ಔತಣ. ಹಿತ್ತಲಲ್ಲಿ ಅವರ ಗಂಡ ಬಾಬ್ ಕೆಂಡದ ಮೇಲೆ ಸಾಸೇಜ್ ಹೊರಳಿಸುತ್ತಿದ್ದರು. ಹಾಡಿಗಾಗಿ ಅಷ್ಟು ಪರದಾಡಿದವರು ನೀವೂ ಒಂದು ಹಾಡಲೇಬೇಕು ಎಂದು ಸಿಸ್ಟರ್ ಹಟ ಹಿಡಿದರು. ಚಿಕ್ಕಂದಿನಲ್ಲಿ ಚರ್ಚಿಗೆಂದು ಅಮ್ಮ ಕಲಿಸಿದ್ದ ಕನ್ನಡ ಭಕ್ತಿಗೀತೆ ಎತ್ತಿಕೊಂಡೆ. ಮನುಷ್ಯರ ಮುಖ ನೋಡಿಕೊಂಡು ಕನ್ನಡ ಆಡಿ ತಿಂಗಳುಗಳೇ ಆಗಿದ್ದವು. ಎರಡನೆಯ ಸಾಲನ್ನು ಹೇಗೋ ಮುಗಿಸಿದೆ. ಮೂರನೆಯದರ ಹೊತ್ತಿಗೆ ಶ್ರುತಿ ನನ್ನ ಕೈಬಿಟ್ಟು ಎತ್ತಲೋ ಹೋಗಿತ್ತು. ಆದರೂ ನಿಲ್ಲಿಸಲು ಮನಸ್ಸಾಗಲಿಲ್ಲ. ಸಿಸ್ಟರ್ ಕಣ್ಣೊರೆಸಿಕೊಂಡರು. ಕಾಲಬುಡದಲ್ಲಿ ಮಲಗಿದ್ದ ನಾಯಿ ಎದ್ದು ಮನೆಯೊಳಗೆ ಹೋಯಿತು. ನಾನು ನಾಲ್ಕನೆಯ ಸಾಲಿಗೆ ಉಸಿರೆಳೆದುಕೊಳ್ಳುವಷ್ಟರಲ್ಲಿ ಬಾಬ್ ಬಹಳ ಮರ್ಯಾದೆಯಿಂದ ತಟ್ಟೆ ಮುಂದೆ ಹಿಡಿದು, "ಸೊಗಸಾಗಿದೆ ಡಾಕ್. ಸಾಸೇಜ್ ತಗೊಳ್ಳಿ, ಬಾಯಿ ತುಂಬಾ" ಎಂದರು.